ಆರ್ಚ್ ಮ್ಯಾನಿಂಗ್ ಯಾರು, ಅವರ ಹೆಸರಿನ ಜೊತೆ ಮನೆತನದ ಮಾತು ಏಕೆ ಬರುತ್ತದೆ?

ಆರ್ಚ್ ಮ್ಯಾನಿಂಗ್ 2023ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಸೇರಿದ ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡನ್ನು ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಆಟಗಾರ.

ಅವರ ಅಜ್ಜ ಆರ್ಚಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1971ರಲ್ಲಿ ಎರಡನೆಯವರಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ಸೇರಿದರು. ಚಿಕ್ಕಪ್ಪಂದಿರಾದ ಪೇಟನ್ 1998ರಲ್ಲಿ, ಈಲೈ 2004ರಲ್ಲಿ ಮೊದಲನೆಯವರಾಗಿಯೇ ಆಯ್ಕೆಯಾದರು. ಇಬ್ಬರೂ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ತಲಾ ಎರಡು ಬಾರಿ ಗೆದ್ದವರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಹೆಚ್ಚು ಮನಸ್ಸಿಗೆ ತಾಕುವುದು ತಂದೆ ಕೂಪರ್ ಅವರದು: ಚೆಂಡು ಹಿಡಿಯುವ ರಿಸೀವರ್ ಆಗಿದ್ದ ಅವರು, ಬೆನ್ನುಹುರಿಯ ನಾಳ ಕಿರಿದಾಗಿರುವ ತೊಂದರೆ ಪತ್ತೆಯಾದ್ದರಿಂದ ಹದಿನೆಂಟರ ಹರೆಯದಲ್ಲೇ ಆಟ ಬಿಡಬೇಕಾಯಿತು. ಪೇಟನ್ ವೃತ್ತಿಪರ ಆಟದಲ್ಲಿ ಧರಿಸಿದ 18ನೇ ಸಂಖ್ಯೆ ಅಣ್ಣ ಕೂಪರ್ ಧರಿಸುತ್ತಿದ್ದದ್ದೇ. ಅದಕ್ಕೂ ಮೊದಲು ಅದು ತಂದೆ ಆರ್ಚಿಯದಾಗಿತ್ತು.

ಆರ್ಚ್ ಮೊದಲೆರಡು ವರ್ಷ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಅವರ ಹಿಂದೆ ಕಾದರು. 2024ರ ಸೆಪ್ಟೆಂಬರ್‌ನಲ್ಲಿ ಯೂವರ್ಸ್ ಗಾಯಗೊಂಡಾಗ ಮೈದಾನಕ್ಕಿಳಿದು, ಟೆಕ್ಸಾಸ್‌–ಸ್ಯಾನ್ ಆಂಟೋನಿಯೋ ತಂಡದ ವಿರುದ್ಧ ನಾಲ್ಕು ಟಚ್‌ಡೌನ್ (ಎದುರಾಳಿಯ ತುದಿಯ ವಲಯಕ್ಕೆ ಚೆಂಡು ತಲುಪಿಸಿ ಅಂಕ ಗಳಿಸುವುದು) ಎಸೆತಗಳನ್ನು ಎಸೆದರಲ್ಲದೆ, 67 ಗಜ ತಾವೇ ಓಡಿ ಇನ್ನೊಂದನ್ನು ಗಳಿಸಿದರು. 2025ರಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರೂ, ಋತುವಿನ ಮೊದಲ ಪಂದ್ಯದಲ್ಲೇ ಓಹಾಯೋ ಸ್ಟೇಟ್ ಎದುರು ತಂಡ 14–7ರಿಂದ ಸೋತಿತು. ನಿಂತಲ್ಲಿಂದಲೇ ಎಸೆಯುವುದಕ್ಕೆ ಹೆಸರಾದ ಚಿಕ್ಕಪ್ಪಂದಿರಿಗಿಂತ, ಕಾಲಿನ ಚುರುಕಿನಲ್ಲಿ ಆರ್ಚ್ ಅಜ್ಜನನ್ನೇ ಹೆಚ್ಚು ಹೋಲುತ್ತಾರೆ.