ತೋಟಗಾರಿಕೆ ಪ್ರಶ್ನೋತ್ತರ: ಬೀಜದಿಂದ ಬೋನ್ಸಾಯ್

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಬೋನ್ಸಾಯ್ ಬೀಜ’ ಎಂಬ ಪೊಟ್ಟಣ ತರಿಸಿ ಬಿತ್ತಿದ್ದೆ. ಹತ್ತರಲ್ಲಿ ಎರಡು ಮಾತ್ರ ಮೊಳೆತವು. ಎಂಟು ತಿಂಗಳಲ್ಲಿ ಒಂದು ಸಸಿ ಎರಡೂವರೆ ಅಡಿ ಬೆಳೆದು ನಿಂತಿದೆ, ಗಿಡ್ಡವಾಗುವ ಲಕ್ಷಣವೇ ಇಲ್ಲ. ಚಿತ್ರ ಲಗತ್ತಿಸಿದ್ದೇನೆ. ನಾನು ಎಲ್ಲಿ ತಪ್ಪಿದೆ?
– ಓದುಗರು, ದಾವಣಗೆರೆ

ಉತ್ತರ: ತಪ್ಪು ಪೊಟ್ಟಣದ ಮೇಲೆ ಆ ಹೆಸರು ಬರೆದವರದು. ಬೋನ್ಸಾಯ್ ಎಂಬ ಮರದ ಜಾತಿಯೇ ಇಲ್ಲ. ತಟ್ಟೆಯಂಥ ಕುಂಡದಲ್ಲಿ ನೆಟ್ಟ ಗಿಡ ಎಂದಷ್ಟೇ ಆ ಜಪಾನಿ ಪದದ ಅರ್ಥ. ನೀವು ಕಳಿಸಿರುವ ಚಿತ್ರದಲ್ಲಿರುವುದು ಗುಲ್‌ಮೊಹರ್. ಬೇಸಿಗೆಯಲ್ಲಿ ರಸ್ತೆಬದಿಯಲ್ಲಿ ಕೆಂಪಗೆ ಹೂಬಿಟ್ಟು ನಿಲ್ಲುವ ಮರದ ಬೀಜಕ್ಕೂ ನಿಮ್ಮ ಪೊಟ್ಟಣದ ಬೀಜಕ್ಕೂ ಬೆಲೆಯ ಹೊರತು ಬೇರೆ ವ್ಯತ್ಯಾಸವಿಲ್ಲ. ನೀಲಿ ಎಲೆಯ ಮೇಪಲ್ ಚಿತ್ರವಿರುವ ಪೊಟ್ಟಣಗಳನ್ನಂತೂ ಮುಟ್ಟಲೇಬೇಡಿ. ಅಂಥ ಬಣ್ಣದ ಮೇಪಲ್ ಭೂಮಿಯ ಮೇಲಿಲ್ಲ, ಇರುವ ಜಪಾನಿ ಮೇಪಲ್‌ಗೆ ಚಳಿಗಾಲದ ಕೊರೆತ ಬೇಕು, ಅದು ದಾವಣಗೆರೆಯಲ್ಲಿ ದೊರೆಯುವುದಿಲ್ಲ.

ಸಸಿ ಎತ್ತರಕ್ಕೆ ಬೆಳೆಯುತ್ತಿರುವುದು ಒಳ್ಳೆಯದೇ. ಹೆಚ್ಚಿನವರು ಮೊಳಕೆಯನ್ನು ನೇರವಾಗಿ ಪುಟ್ಟ ತಟ್ಟೆಗೆ ನೆಟ್ಟು, ಹತ್ತು ವರ್ಷ ಕಳೆದರೂ ಪೆನ್ಸಿಲ್ ಗಾತ್ರದ ಕಾಂಡವನ್ನೇ ನೋಡುತ್ತಾ ಕೂರುತ್ತಾರೆ. ಎಲೆಗಳು ತಯಾರಿಸಿದ ಆಹಾರದಿಂದಲೇ ಕಾಂಡ ದಪ್ಪವಾಗಬೇಕು. ಬೇರಿಗೆ ಜಾಗವಿಲ್ಲದೆ ಎಲೆ ಹೆಚ್ಚುವುದಿಲ್ಲ, ಎಲೆ ಹೆಚ್ಚದೆ ಕಾಂಡ ತುಂಬುವುದಿಲ್ಲ. ಆದುದರಿಂದ ಸಸಿಯನ್ನು ಹಿತ್ತಲಿನ ನೆಲದಲ್ಲಿ, ನೆಲವಿಲ್ಲದಿದ್ದರೆ ದೊಡ್ಡ ಕುಂಡದಲ್ಲಿ ಮೂರು–ನಾಲ್ಕು ವರ್ಷ ಮನಸೋ ಇಚ್ಛೆ ಬೆಳೆಯಲು ಬಿಡಿ. ಬುಡ ಹೆಬ್ಬೆರಳಿಗಿಂತ ದಪ್ಪವಾದ ಮೇಲೆ, ಮಳೆಗಾಲದ ಆರಂಭದಲ್ಲಿ ಅರ್ಧ ಅಡಿ ಎತ್ತರಕ್ಕೆ ಕತ್ತರಿಸಿ. ಚಿಗುರಿದ ಕುಡಿಗಳಲ್ಲಿ ಒಂದನ್ನು ತಲೆಯಾಗಿ ಉಳಿಸಿ, ಅದೂ ದಪ್ಪವಾದ ಮೇಲೆ ಮತ್ತೆ ಕತ್ತರಿಸಿ. ಬುಡದಲ್ಲಿ ತೋರವಾಗಿ ಮೇಲೆ ಹೋದಂತೆ ಸಪುರವಾಗುವ, ಹಳೆಯ ಮರದ ಆ ಮೈಕಟ್ಟು ಹೀಗೆ ಕಡಿದು ಕಡಿದೇ ಬರುತ್ತದೆ. ಲಾಲ್‌ಬಾಗಿನ ಬೋನ್ಸಾಯ್ ತೋಟಕ್ಕೆ ಹೋದಾಗ ಎಲೆಗಳನ್ನು ಬಿಟ್ಟು ಬುಡಗಳನ್ನಷ್ಟೇ ನೋಡಿಕೊಂಡು ಬನ್ನಿ, ನಾನು ಹೇಳುತ್ತಿರುವುದು ಮನದಟ್ಟಾಗುತ್ತದೆ.

ಪ್ರಶ್ನೆ: ಅಡುಗೆಮನೆಯ ಹುಣಸೆಬೀಜದಿಂದಲೇ ಆರಂಭಿಸಬಹುದೇ? ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ.
– ಗೃಹಿಣಿ, ಬೆಂಗಳೂರು

ಉತ್ತರ: ಹೊಸಬರಿಗೆ ಹುಣಸೆಗಿಂತ ಒಳ್ಳೆಯ ಗುರು ಇಲ್ಲ. ಎಲೆ ಹುಟ್ಟಿನಿಂದಲೇ ಚಿಕ್ಕದು, ತೊಗಟೆ ಬೇಗ ಒರಟಾಗುತ್ತದೆ, ಕತ್ತರಿಗೆ ಅಂಜುವುದಿಲ್ಲ. ಬೀಜವನ್ನು ಒಂದು ಬದಿಯಲ್ಲಿ ಮರಳುಕಾಗದಕ್ಕೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಅರ್ಧ ಇಂಚು ಆಳದಲ್ಲಿ ಊರಿ. ಒಂದೆರಡು ವಾರಗಳಲ್ಲಿ ಬಾಗಿದ ಕತ್ತೊಂದು ಮಣ್ಣನ್ನು ಎತ್ತುತ್ತಾ ಮೇಲೆ ಬಂದು, ದಪ್ಪನೆಯ ಎರಡು ಬೀಜದಳಗಳನ್ನು ಹೊತ್ತು ನೆಟ್ಟಗಾಗುತ್ತದೆ. ಅವುಗಳ ನಡುವಿನಿಂದ ಗರಿಯಂಥ ಎಲೆ ಬಿಚ್ಚಿಕೊಳ್ಳುತ್ತದೆ. ಬೀಜದಳಗಳು ತಾವಾಗಿ ಉದುರುವವರೆಗೆ ಅವನ್ನು ಕೀಳಬಾರದು. ಒಂದು ಡಜನ್ ಬೀಜವಾದರೂ ಬಿತ್ತಿ, ಮೇಲೆ ಬಲೆ ಹಾಸಿ. ನನ್ನ ಮೊದಲ ವರ್ಷದ ಬಿತ್ತನೆಯಲ್ಲಿ ಅರ್ಧಕ್ಕರ್ಧ ಅಳಿಲುಗಳ ಪಾಲಾಯಿತು.

ಮುಖ್ಯ ಕೆಲಸ ಇರುವುದು ಬೇರಿನಲ್ಲಿ. ಹುಣಸೆಯ ತಾಯಿಬೇರು ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಮುಂದೆ ತಗ್ಗಾದ ಕುಂಡದಲ್ಲಿ ಗಿಡವನ್ನು ಕೂರಿಸಲಾಗದು. ಸಸಿ ಗೇಣುದ್ದವಾದಾಗ ಮೆಲ್ಲಗೆ ಎಬ್ಬಿಸಿ, ಅಕ್ಕಪಕ್ಕದ ಎಳೆಬೇರುಗಳನ್ನು ಉಳಿಸಿಕೊಂಡು ತಾಯಿಬೇರನ್ನು ಅರ್ಧಕ್ಕೆ ಕತ್ತರಿಸಿ. ಮರುನೆಡುವಾಗ ಸಸಿಯ ಅಡಿಗೆ ಅಂಗೈಯಗಲದ ಹೆಂಚಿನ ಚೂರೊಂದನ್ನು ಇಟ್ಟು, ಬೇರುಗಳನ್ನು ಅದರ ಮೇಲೆ ಸುತ್ತಲೂ ಹರಡಿ ಮಣ್ಣು ಮುಚ್ಚಿದರೆ, ಕೆಳಗಿಳಿಯಲು ದಾರಿಯಿಲ್ಲದೆ ಅವು ಅಡ್ಡಡ್ಡ ಹರಿಯುತ್ತವೆ. ಮುಂದೆ ಬುಡದಲ್ಲಿ ನೆಲವನ್ನು ಹಿಡಿದಂತೆ ಕಾಣುವ ಬೇರುಗಳು ಇವೇ. ಕೆಂಪುಮಣ್ಣು, ದಪ್ಪ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲಾಗಿರಲಿ, ಜೊತೆಗೆ ಒಂದು ಹಿಡಿ ಇಟ್ಟಿಗೆ ಚೂರು. ಮಣ್ಣಿನ ನಯವಾದ ಧೂಳನ್ನು ಜರಡಿ ಹಿಡಿದು ತೆಗೆಯಿರಿ. ಅದು ಉಳಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಸಿಗಲಿ. ಟಿ.ವಿ. ಪಕ್ಕದ ಮೂಲೆ ಬೇಡ.

ಪ್ರಶ್ನೆ: ತಂತಿ ಸುತ್ತುವುದು ಯಾವಾಗ, ಬಿಚ್ಚುವುದು ಯಾವಾಗ?
– ಓದುಗರು, ಹಾಸನ

ಉತ್ತರ: ರೆಂಬೆ ಬಾಗಿಸಿದರೆ ಬಾಗುವಷ್ಟು ಎಳೆಯದಾಗಿರುವಾಗಲೇ ಸುತ್ತಬೇಕು. ರೆಂಬೆಯ ಮೂರನೆಯ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಸುತ್ತಿ, ಆಮೇಲೆ ರೆಂಬೆಯನ್ನು ಬಾಗಿಸಿ. ಬಿಚ್ಚುವುದಕ್ಕೆ ಕ್ಯಾಲೆಂಡರ್ ನೋಡಬೇಡಿ, ತೊಗಟೆಯನ್ನು ನೋಡಿ. ಒಂದು ಮಳೆಗಾಲದಲ್ಲಿ ನಾನು ಊರಿನಲ್ಲಿಲ್ಲದೆ ಮರೆತ ತಂತಿ ಬಸರಿಯ ಕೊಂಬೆಯೊಳಗೆ ಹೂತುಹೋಗಿತ್ತು. ಅದರ ಸುರುಳಿ ಗಾಯ ಈಗಲೂ ಎದ್ದು ಕಾಣುತ್ತದೆ. ಹೂತ ತಂತಿಯನ್ನು ಎಳೆಯದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಪ್ರಶ್ನೆ: ಮರವನ್ನು ಕುಂಠಿತಗೊಳಿಸಿದರೆ ಮನೆಯ ಏಳಿಗೆಯೂ ಕುಂಠಿತವಾಗುತ್ತದೆ ಎಂದು ನಮ್ಮ ಅತ್ತೆಯವರು ಆಕ್ಷೇಪಿಸುತ್ತಾರೆ. ಏನು ಹೇಳಲಿ?
– ಓದುಗರು, ಧಾರವಾಡ

ಉತ್ತರ: 1625ರಿಂದ ಕುಂಡದಲ್ಲಿರುವ ಜಪಾನಿನ ಪೈನ್ ಒಂದು, ಹಿರೋಷಿಮಾದ ಬಾಂಬ್ ದಾಳಿಯಲ್ಲೂ ಉಳಿದು, 1976ರಲ್ಲಿ ಅಮೆರಿಕಕ್ಕೆ ಕೊಡುಗೆಯಾಗಿ ಹೋಗಿ, ಇಂದಿಗೂ ವಾಷಿಂಗ್ಟನ್‌ನಲ್ಲಿ ಹಸಿರಾಗಿದೆ. ಉಪವಾಸ ಕೆಡವಿದ ಗಿಡ ಅಷ್ಟು ಕಾಲ ಬದುಕುವುದಿಲ್ಲ. ಇದನ್ನು ಅವರಿಗೆ ಹೇಳಿ, ನೀರೆರೆಯುವ ಹೊಣೆಯನ್ನೂ ಅವರಿಗೇ ಒಪ್ಪಿಸಿ.

ಪ್ರಶ್ನೆ: ನಮ್ಮ ಹಳೆಯ ಮನೆಯ ತಾರಸಿ ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದೆ. ಇದನ್ನು ಬೋನ್ಸಾಯ್ ಮಾಡಬಹುದೇ?
– ಓದುಗರು, ಪುತ್ತೂರು

ಉತ್ತರ: ಅವಶ್ಯವಾಗಿ ಮಾಡಬಹುದು, ಗೋಡೆಯೂ ಉಳಿಯುತ್ತದೆ. ಹಣ್ಣು ತಿಂದ ಹಕ್ಕಿಗಳು ಹಿಕ್ಕೆಯಲ್ಲಿ ಬಿತ್ತುವ ಆಲ, ಅರಳಿ, ಬಸರಿ ಸಸಿಗಳು ಬಿರುಕಿನ ಬಡತನಕ್ಕೆ ಒಗ್ಗಿಕೊಂಡು ಬುಡ ಗಂಟುಕಟ್ಟಿರುತ್ತವೆ. ಬೀಜದಿಂದ ಬೆಳೆಸುವುದಕ್ಕೆ ಹೋಲಿಸಿದರೆ ಎರಡು–ಮೂರು ವರ್ಷದ ಉಳಿತಾಯ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾರೆಯನ್ನು ಉಳಿಯಿಂದ ಸಡಿಲಿಸಿ ಎಬ್ಬಿಸಿ. ಬೇರು ಹರಿದು ಮೋಟು ಉಳಿದರೂ ಗಾಬರಿ ಬೇಡ, ಹಾಲು ಸೋರುವುದು ನಿಲ್ಲುವವರೆಗೆ ತಣ್ಣೀರಿನಲ್ಲಿ ತೊಳೆದು, ಎಲೆಗಳಲ್ಲಿ ಹೆಚ್ಚಿನವನ್ನು ಕತ್ತರಿಸಿ, ಮರಳು ಹೆಚ್ಚಿರುವ ಮಣ್ಣಿನಲ್ಲಿ ನೆಟ್ಟು, ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಹೊದಿಸಿ ನೆರಳಿನಲ್ಲಿಡಿ. ಹೊಸ ಕುಡಿ ಬಂದ ಮೇಲೆ ಚೀಲ ತೆಗೆದು, ಒಂದು ವಾರ ಬಿಟ್ಟು ಬಿಸಿಲಿಗೆ ಸರಿಸಿ. ಆದರೆ ಅರಳಿಯ ಎಲೆ ದೊಡ್ಡದು, ಕಿರಿದಾಗುವುದು ನಿಧಾನ. ಪಕ್ಕದಲ್ಲೇ ಬಸರಿಯ ಸಸಿಯೂ ಇದ್ದರೆ ಮೊದಲು ಅದನ್ನು ಎಬ್ಬಿಸಿ.