ಮೇಡಂ ಹೇಳಿದ ಕೆಲಸ

ವಾರ ತಪ್ಪದೆ ಬರುತ್ತಾರೆ, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಒಪ್ಪಿಕೊಂಡು ಹೋದ ಕೆಲಸ ಮಾತ್ರ ಆಗಿರುವುದಿಲ್ಲ. ಆಪ್ತಸಲಹೆಗೆ ಬರುವವರಲ್ಲಿ ಇಂಥವರು ಅಪರೂಪವೇನಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ 'ಪ್ರತಿರೋಧ' ಅನ್ನುವ ಪದವಿದೆ, ಮನೆಯವರು 'ಸೋಮಾರಿತನ' ಅನ್ನುತ್ತಾರೆ. ಎರಡನ್ನೂ ನಾನೀಗ ಬಳಸುವುದಿಲ್ಲ. ಬಿಡಲು ಕಾರಣವಾದ ಪ್ರಕರಣ ಇದು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ ನಲವತ್ತು ದಾಟಿತ್ತು. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಬಹಳ ವರ್ಷಗಳಿಂದ ಇದ್ದರು. ಕೆಲಸ ಬಿಟ್ಟು ಸಣ್ಣ ಉದ್ಯಮಗಳ ಲೆಕ್ಕ ನೋಡಿಕೊಳ್ಳುವ ಸ್ವಂತ ಕಚೇರಿ ತೆರೆಯಬೇಕೆಂಬ ಆಸೆ ಮೂರು ವರ್ಷದ್ದು. ಹಣದ ಅಡಚಣೆ ಅಷ್ಟಿರಲಿಲ್ಲ, ವಿದ್ಯೆಯ ಕೊರತೆಯಂತೂ ಇಲ್ಲವೇ ಇಲ್ಲ. ಹಿನ್ನೆಲೆ ಇಷ್ಟು ಸಾಕು.

ಮೊದಲ ಆರು ಭೇಟಿಗಳಲ್ಲಿ ನಾನು ಕಲಿತದ್ದನ್ನೇ ಮಾಡಿದೆ. ದೊಡ್ಡ ಗುರಿಯನ್ನು ತುಂಡು ಮಾಡಿ ಕೊಟ್ಟೆ. ಇಬ್ಬರಿಗೆ ಫೋನ್ ಮಾಡಿ ಅಂದೆ, ಆಗಲಿಲ್ಲ. ಹಾಗಾದರೆ ಒಬ್ಬರಿಗೆ ಅಂದೆ, ಅದೂ ಆಗಲಿಲ್ಲ. ನಂಬರ್ ಹುಡುಕಿ ಬರೆದಿಡಿ ಸಾಕು ಅಂದೆ. ಪ್ರತಿ ವಾರವೂ ನ್ಯಾಯವಾದ ಒಂದು ಕಾರಣ ಇರುತ್ತಿತ್ತು: ಆಡಿಟ್, ನೆಗಡಿ, ಮಗಳ ಪರೀಕ್ಷೆ. ನಾನು ತುಂಡನ್ನು ಇನ್ನಷ್ಟು ಚಿಕ್ಕದು ಮಾಡುತ್ತಾ ಹೋದೆ.

ಏಳನೆಯ ಭೇಟಿಯ ದಿನ ಅವರ ನೋಟ್‌ಬುಕ್ ನೋಡಬಹುದೇ ಎಂದು ಕೇಳಿದೆ. ಸಂಕೋಚದಿಂದಲೇ ಕೊಟ್ಟರು. ಅಚ್ಚುಕಟ್ಟಾದ ಅಕ್ಷರ, ಸ್ಕೇಲ್ ಇಟ್ಟು ಎಳೆದ ಗೆರೆ. ಪ್ರತಿ ಕೆಲಸದ ಮುಂದೆ ಒಂದು ಚೌಕ, ಎಲ್ಲ ಚೌಕಗಳೂ ಖಾಲಿ. ಆರು ಪುಟ, ಆರೂ ಪುಟಗಳ ತಲೆಗೆ ಒಂದೇ ಶೀರ್ಷಿಕೆ, ಕೆಂಪು ಶಾಯಿಯಲ್ಲಿ: 'ಮೇಡಂ ಹೇಳಿದ ಕೆಲಸ'.

ಆ ಮೂರು ಪದ ನನ್ನನ್ನು ಕುಟುಕಿದವು. ಆರು ವಾರ ಅವರ ಬದುಕಿನ ಬಗ್ಗೆ ಆಸೆಪಟ್ಟವಳು ನಾನು. ಅವರು ಗುಮಾಸ್ತರಂತೆ ನನ್ನ ಆಸೆಯನ್ನು ಬರೆದುಕೊಂಡು ಹೋಗಿದ್ದರು.

ನೋಟ್‌ಬುಕ್ ಮುಚ್ಚಿ ಹೇಳಿದೆ: "ಈ ವಾರ ನಾನು ಏನೂ ಕೊಡಲ್ಲ. ಒಂದು ಮಾತು ಕೇಳ್ತೀನಿ. ಇದನ್ನೆಲ್ಲ ಮಾಡದೇ ಇದ್ದರೆ ನಿಮಗೆ ಏನು ಉಳಿಯುತ್ತೆ?"

ಅವರು ತುಂಬ ಹೊತ್ತು ಮಾತಾಡಲಿಲ್ಲ. ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಈಗಲೂ ಕಷ್ಟವೇ. ಆಮೇಲೆ ಹೇಳಿದರು: "ಆ ಕಚೇರಿ ಉಳಿಯುತ್ತೆ ಮೇಡಂ."

ಅರ್ಥವಾಗಲಿಲ್ಲ ಅಂದೆ. "ದಿನಾ ಕೆಲಸಕ್ಕೆ ಹೋಗೋವಾಗ ದಾರೀಲಿ ಆ ಕಚೇರಿ ಒಳಗಿರ್ತೀನಿ. ಮೇಜು ಎಲ್ಲಿರಬೇಕು ಅಂತಲೂ ಗೊತ್ತು, ಕಿಟಕಿಗೆ ಬೆನ್ನು ಹಾಕಿ ಕೂರಲ್ಲ. ಅದೊಂದು ಇದೆ ಅಂತ ಇಲ್ಲಿ ಇಷ್ಟೆಲ್ಲ ತಡ್ಕೊಂಡಿದ್ದೀನಿ. ನಿಜವಾಗ್ಲೂ ತೆರೆದು, ನಡೀದೆ ಮುಚ್ಚಿಬಿಟ್ರೆ ಅದೂ ಹೋಯ್ತಲ್ಲ."

ನಾನು ಸೋಲಿನ ಭಯ ಎಂದು ಅಂದುಕೊಂಡಿದ್ದೆ. ಇದು ಅದಕ್ಕಿಂತ ಬೇರೆ. ಆ ಕನಸು ಅವರಿಗೆ ಮುಂದಿನ ಗುರಿಯಾಗಿರಲಿಲ್ಲ, ಇವತ್ತಿನ ಆಸರೆಯಾಗಿತ್ತು. ನಾನು ಪ್ರತಿ ವಾರ ಆ ಆಸರೆಯನ್ನೇ ಪಣಕ್ಕಿಡಿ ಅನ್ನುತ್ತಿದ್ದೆ. ಫೋನ್ ನಂಬರ್ ಹುಡುಕುವಷ್ಟು ಚಿಕ್ಕ ಕೆಲಸವೂ ಅವರಿಗೆ ಅಷ್ಟೇ ದೊಡ್ಡ ಜೂಜು.

ಮೊದಲು ನಿದ್ದೆ, ಹಸಿವು, ಇಷ್ಟದ ವಿಷಯಗಳಲ್ಲಿ ಆಸಕ್ತಿ, ಬದುಕು ಬೇಡವೆನಿಸುವ ಯೋಚನೆ ಇವನ್ನೆಲ್ಲ ವಿಚಾರಿಸಿದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು, ಕೇಳದೇ ಇದ್ದದ್ದು ನನ್ನ ತಪ್ಪು. ಮಂಕು ಕವಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿ ದಿನವಿಡೀ ಕಾಡುತ್ತಿದ್ದರೆ ಖಿನ್ನತೆ ಇದೆಯೇ ಎಂದು ನೋಡಲೇಬೇಕು. ಕೈಕಾಲು ಏಳದವರಿಗೆ ಕೆಲಸದ ಪಟ್ಟಿ ಕೊಡುವುದು ಕ್ರೂರತನ. ಇವರಿಗೆ ಆ ಲಕ್ಷಣ ಇರಲಿಲ್ಲ, ಇದ್ದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಆ ದಿನ ಕೊಟ್ಟ ಸಲಹೆ ಇಷ್ಟೇ. ಒಂದು ತಿಂಗಳು ಕಚೇರಿ ತೆರೆಯುವ ತೀರ್ಮಾನ ಮಾಡಬೇಡಿ, ಬಿಡುವ ತೀರ್ಮಾನವೂ ಬೇಡ. ತೆರೆದರೆ ಸಿಗುವುದೇನು ಕಳೆಯುವುದೇನು, ಇದ್ದಲ್ಲೇ ಇದ್ದರೆ ಸಿಗುವುದೇನು ಕಳೆಯುವುದೇನು, ನಿಮ್ಮ ಮಾತಿನಲ್ಲೇ ಬರೆಯಿರಿ, ನನಗೆ ತೋರಿಸಬೇಕಿಲ್ಲ. ಮನಸ್ಸಾದರೆ ಮಾತ್ರ, ಈಗಾಗಲೇ ಅಂಥ ಕಚೇರಿ ನಡೆಸುತ್ತಿರುವ ಒಬ್ಬರನ್ನು ಕಂಡು ಅವರ ತೀರ ಕೆಟ್ಟ ತಿಂಗಳು ಹೇಗಿತ್ತು ಎಂದು ಕೇಳಿ. ಕೇಳಿಕೊಂಡು ಬಂದರೆ ನಿಮ್ಮ ಕನಸಿಗೇನೂ ಧಕ್ಕೆಯಾಗದು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ನುಣುಚಿಕೊಳ್ಳುವವರಿಗೆ ನೀನೇ ದಾರಿ ತೋರಿಸಿದೆ, ಗಡುವು ಹಾಕಿ ಲೆಕ್ಕ ಕೇಳಬೇಕಿತ್ತು ಅಂದರು. ಗಡುವಿಗೆ ನಾನು ವಿರೋಧಿಯಲ್ಲ. 'ಯಾವಾಗಲಾದರೂ ಮಾಡುತ್ತೇನೆ' ಅನ್ನುವುದಕ್ಕಿಂತ 'ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ಮಾಡುತ್ತೇನೆ' ಎಂದು ಗೊತ್ತುಮಾಡಿಕೊಂಡರೆ ಕೆಲಸ ಆಗುವ ಸಂಭವ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ ಹೆಸರಾಂತ ಲೇಖನ ವಿವರಿಸುತ್ತದೆ. ಆದರೆ ಅದು ಮನಸ್ಸು ಮಾಡಿದವರಿಗೆ. ಎರಡು ಮನಸ್ಸಿನಲ್ಲಿರುವವರ ಕಥೆ ಬೇರೆ. ಧೂಮಪಾನ ಬಿಡುವವರನ್ನು ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ, ಕೆಲಸಕ್ಕಿಳಿಯುವ ಹಂತಕ್ಕೂ ಮೊದಲು ಯೋಚಿಸುವ, ತಯಾರಾಗುವ ಹಂತಗಳಿವೆ ಎಂದು ತೋರಿಸಿದರು. ಕುಡಿತದ ಸಮಸ್ಯೆಯವರ ಜೊತೆಗಿನ ಅನುಭವದಿಂದ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ, ಆಮೇಲೆ ಸ್ಟೀಫನ್ ರೋಲ್‌ನಿಕ್ ಜೊತೆ ಸೇರಿ ಬೆಳೆಸಿದ 'ಮೋಟಿವೇಶನಲ್ ಇಂಟರ್‌ವ್ಯೂಯಿಂಗ್' ಎಂಬ, ಬದಲಾಗುವ ಕಾರಣವನ್ನು ಬಂದವರ ಬಾಯಿಂದಲೇ ಹೊರಡಿಸುವ ಮಾತುಕತೆಯ ಕ್ರಮದ ತಿರುಳೂ ಇದೇ. ಬದಲಾಗಿ ಎಂದು ಸಲಹೆಗಾರ ವಾದಿಸಿದಷ್ಟೂ ಬದಲಾಗದಿರುವುದರ ಪರವಾಗಿ ಮಾತಾಡುವ ಕೆಲಸ ಎದುರಿಗೆ ಕೂತವರ ಪಾಲಿಗೆ ಬೀಳುತ್ತದೆ. ತನ್ನ ಬಾಯಿಂದಲೇ ಬಂದ ಮಾತನ್ನು ಮನುಷ್ಯ ಗಟ್ಟಿಯಾಗಿ ನಂಬುತ್ತಾನೆ. ಆರು ವಾರ ನಾನು ಅವರಿಂದ ಹೇಳಿಸಿದ್ದು ಅಡ್ಡಿಗಳನ್ನು ಮಾತ್ರ.

ತಿಂಗಳ ನಂತರ ಬಂದರು. ಒಬ್ಬರನ್ನಲ್ಲ, ಇಬ್ಬರನ್ನು ಕಂಡು ಬಂದಿದ್ದರು. ಮಾಡಬಲ್ಲೆ ಅನ್ನುವ ನಂಬಿಕೆ ಹತ್ತಕ್ಕೆ ಎಷ್ಟು ಎಂದು ಕೇಳಿದೆ. ನಾಲ್ಕು ಅಂದರು. ಒಂದು ಯಾಕಲ್ಲ, ನಾಲ್ಕು ಯಾಕೆ ಅಂದೆ. ತಾನಾಗಿ ಹುಡುಕಿಕೊಂಡು ಬಂದು ಲೆಕ್ಕ ನೋಡಿಕೊಡಿ ಎಂದು ಕೇಳಿದ ಒಬ್ಬ ಪರಿಚಯಸ್ಥನ ವಿಷಯ ಹೇಳಿದರು. ಮೂರು ವರ್ಷದಲ್ಲಿ ಮೊದಲ ಸಲ ಆ ಕನಸಿನ ಕಚೇರಿಗೆ ಬೇರೊಬ್ಬ ಮನುಷ್ಯ ಕಾಲಿಟ್ಟಿದ್ದ. ಕೆಲಸ ಬಿಟ್ಟಿಲ್ಲ, ಬಿಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಡದಿದ್ದರೆ ನನ್ನ ಸಲಹೆ ಸೋತಿತೆಂದು ನಾನು ಬಗೆಯುವುದೂ ಇಲ್ಲ.

ಕೊನೆಯ ಭೇಟಿಗೆ ಅವರ ಹೆಂಡತಿಯೂ ಬಂದಿದ್ದರು. ದಿನಾ ಸಂಜೆ "ಏನಾಯ್ತು?" ಎಂದು ಕೇಳುತ್ತಿದ್ದವರು ಅವರು, ಪ್ರೀತಿಯಿಂದಲೇ. ಇನ್ನು ಏನು ಕೇಳಲಿ ಎಂದು ನನ್ನನ್ನು ಕೇಳಿದರು. ಮೇಜು ಎಲ್ಲಿಡುತ್ತೀರಿ ಎಂದು ಕೇಳಿ ಅಂದೆ. ಆಕೆ ಅವರ ಕಡೆ ತಿರುಗಿ, "ಮೇಜಾ? ನನಗೆ ಯಾವತ್ತೂ ಹೇಳಿಲ್ಲವಲ್ಲ ನೀವು" ಅಂದರು.