ಮೊದಲು ಟ್ರುನಿಯನ್ ನೋಡಿ

ಪ್ರಶ್ನೆ: ನನ್ನದು 1972ರ ಟ್ರಯಂಫ್ ಸ್ಪಿಟ್‌ಫೈರ್ ಕಾರು. ಗುಂಡಿ ಬಂದರೆ ಮುಂದಿನ ಚಕ್ರ ಕಟಕಟ ಅನ್ನುತ್ತದೆ. ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಲೇ?
– ಓದುಗರು, ಧಾರವಾಡ

ಉತ್ತರ: ಸ್ವಲ್ಪ ತಡೀರಿ ಸರ್. ಮೊದಲು ಜಾಕ್ ಹಾಕಿ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ಕೆಳಗಿನ ಟ್ರುನಿಯನ್ (ಮುಂದಿನ ಚಕ್ರ ತಿರುಗಲು ಇರುವ ಥ್ರೆಡ್ ಕೀಲು) ಬಿಚ್ಚಿಸಲೇಬೇಕು. ನಮ್ಮ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲೂ ಇದೇ ಜೋಡಣೆ. ಈ ಟ್ರುನಿಯನ್‌ಗೆ ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್ ಬೇಕು. ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಬಂದ ಒಂದು ಹೆರಾಲ್ಡ್‌ಗೆ ವರ್ಷಗಟ್ಟಲೆ ಗ್ರೀಸೇ ತುಂಬಿದ್ದರು. ಬಿಚ್ಚಿದರೆ ಗ್ರೀಸ್ ಕಲ್ಲಾಗಿತ್ತು, ಥ್ರೆಡ್ ಮೇಲೆಲ್ಲ ಕೆಂಪು ತುಕ್ಕು. ನೋಡಿ ಎದೆ ಝಲ್ ಅಂತು! ಓಡುವಾಗ ಆ ಥ್ರೆಡ್ ಭಾಗ ಮುರಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಆಮೇಲೆ ರಬ್ಬರ್ ಬುಷ್ ಬದಲಿಸಿ. ಶಾಕ್ ಜೋಡಿಯಾಗಿಯೇ ಹಾಕಿಸಿ. ಗಾಡಿ ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಮಾತ್ರ ಬೇಡ. ನಮ್ಮೂರ ಹಂಪ್‌ಗಳಿಗೆ ಗಾಡಿಯ ತಳ ಬಡಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ.